ಮಾವುಂಗಲ್ ಬಾವಿಯ ವೈಫೈ

ನಗಬೇಡಿ. ನಗೋರು ಈಗಲೇ ಎದ್ದು ಒಳಗೆ ಹೋಗಿ ಮಲಗಿ. ಇದು ನನ್ನ ಚಿಕ್ಕಪ್ಪನ ಮಗ ಲಿಜೋಗೆ ಆಗಿದ್ದು. ಅವನ ಎಡಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಗಾಯದ ಗೆರೆ ಇನ್ನೂ ಇದೆ. ನಮ್ಮೂರು ವಾಳಕುಳಂ ಕಡೆ ಬಂದರೆ ಕರೆಸಿ ತೋರಿಸುತ್ತೇನೆ.

ಲಿಜೋ ಕೇಬಲ್ ಹುಡುಗ. ಊರಿನವರ ಟೀವಿ, ಇಂಟರ್ನೆಟ್ಟು ಎಲ್ಲ ಅವನೇ ನೋಡಿಕೊಳ್ಳೋದು. ಆ ದಿನ ಬೈಕು ಕೆಟ್ಟಿತ್ತು. ಕತ್ತಲಾದ ಮೇಲೆ ಅನಾನಸ್ ತೋಟದ ನಡುವೆ ಒಬ್ಬನೇ ನಡೆದು ಬರುತ್ತಿದ್ದ. ದಾರಿ ಮಾವುಂಗಲ್ ಮನೆಯವರ ಬಾವಿಯ ಪಕ್ಕದಲ್ಲೇ ಹಾದುಹೋಗುತ್ತೆ. ಬಾವಿಗೆ ಸಿಮೆಂಟಿನ ಚಪ್ಪಡಿ ಮುಚ್ಚಿಸಿದ್ದರು. ನಡುವೆ ಕೊಡ ಇಳಿಯುವಷ್ಟು ಒಂದು ತೂತು. ಹಗ್ಗ ಯಾವತ್ತೋ ಬಿಚ್ಚಿ ಆಗಿತ್ತು, ಮೇಲೆ ರಾಟೆ ಮಾತ್ರ ಉಳಿದಿತ್ತು.

ಕಿರ್ರ್... ಕಿರ್ರ್...

ಹಗ್ಗವಿಲ್ಲದ ರಾಟೆ ತಿರುಗುತ್ತಿತ್ತು. ಗಾಳಿ ಇರಲಿಲ್ಲ. ಲಿಜೋ ಶಿಲುಬೆ ಗುರುತು ಹಾಕಿಕೊಂಡು ಹೆಜ್ಜೆ ಜೋರು ಮಾಡಿದ.

"ಲಿಜೋ ಚೇಟಾ... ಶ್ಶ್... ಇಲ್ಲಿ ಬಾ..."

ಚೇಟಾ ಅಂದರೆ ನಮ್ಮಲ್ಲಿ ಅಣ್ಣ. ಬೆಚ್ಚಿ ತಿರುಗಿದ. ನೋಡಿದರೆ ಜಿನ್ಸಿ, ಆ ಮನೆಯ ಸೊಸೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೆಳತುಟಿ ಒಡೆದು ಊದಿಕೊಂಡಿತ್ತು.

ಜಿನ್ಸಿ ನರ್ಸು. ಗಂಡ ತೀರಿಕೊಂಡಿದ್ದ. ಅವಳ ಮಾವ ಏಲಿಯಾಸನಿಗೆ ಕೈ ಮೊದಲು, ಮಾತು ಆಮೇಲೆ. ಆ ಮುದುಕನಷ್ಟು ಕೆಟ್ಟ ಮನುಷ್ಯನನ್ನು ನಾನು ಕಂಡಿಲ್ಲ, ಸತ್ತವನಾದರೂ ಹೇಳುತ್ತೇನೆ. ಜರ್ಮನಿಯ ಆಸ್ಪತ್ರೆಯವರು ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಅವಳ ಕೆಲಸದ ಇಂಟರ್‌ವ್ಯೂ ಮಾಡುವವರಿದ್ದರು. ಪಾಸಾದರೆ ಆ ಮನೆಯಿಂದ ಬಿಡುಗಡೆ. ಇಲ್ಲದಿದ್ದರೆ ಇನ್ನೆಷ್ಟು ದಿನ ಏಟು ತಿನ್ನಬೇಕೋ.

"ಮಾವ ಕಳ್ಳಿನಂಗಡಿಗೆ ಹೋಗಿದಾರೆ. ಬರೋದ್ರೊಳಗೆ ವೈಫೈ ಸರಿಮಾಡು ಚೇಟಾ. ಗೊತ್ತಾದ್ರೆ ನನ್ನ ಕೊಂದೇಬಿಡ್ತಾರೆ."

"ಏನಾಗಿದೆ?"

"ಸಿಗ್ನಲ್ ಪೂರ್ತಿ ಇದೆ. ಒಂದು ಪೇಜೂ ತೆರೆಯಲ್ಲ."

ಲ್ಯಾಪ್‌ಟಾಪು ಹಿಂದಿನ ಕೋಣೆಯಲ್ಲಿತ್ತು, ಬಾವಿಯ ಕಡೆಯ ಕಿಟಕಿ ಹತ್ತಿರ. ಲಿಜೋ ವೈಫೈ ಆಫ್ ಮಾಡಿ ಆನ್ ಮಾಡಿದ. ಅವನ ಕಸುಬಿನಲ್ಲಿ ಅದೇ ಮೊದಲ ಮದ್ದು. ಆಮೇಲೆ ವೈಫೈ ಹೆಸರು ಅಳಿಸಿ, ಪಾಸ್‌ವರ್ಡ್ ಮತ್ತೆ ಹಾಕಿದ. ಮತ್ತೆ ಅದೇ... "ಮಾವುಂಗಲ್", ಸಿಗ್ನಲ್ ಪೂರ್ತಿ, ಇಂಟರ್ನೆಟ್ ಇಲ್ಲ. ಕೊನೆಗೆ ಪಡಸಾಲೆಗೆ ಹೋಗಿ ವೈಫೈ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತ. ಹಸಿರು ದೀಪ ಆರಿತು.

ವಾಪಸ್ ಬಂದು ನೋಡಿದರೆ... "ಮಾವುಂಗಲ್". ಸಿಗ್ನಲ್ ಪೂರ್ತಿ.

ಇಲ್ಲಿ ಒಂದು ವಿಷಯ ಹೇಳಬೇಕು. ಮಾವುಂಗಲ್ ಅಂದರೆ ಎರಡು ಮನೆ. ಅಣ್ಣ ಪೌಲೋಸನದೊಂದು, ತಮ್ಮ ಏಲಿಯಾಸನದೊಂದು. ಪಾಲಾದ ಮೇಲೆ ನಡುವೆ ಗೋಡೆ ಎದ್ದಿತ್ತು, ಬಾವಿ ಮಾತ್ರ ಇಬ್ಬರದೂ. ನಮ್ಮಲ್ಲಿ ವೈಫೈಗೆ ಮನೆತನದ ಹೆಸರೇ ಇಡೋದು. ಲಿಜೋ "ಮಾವುಂಗಲ್ 1", "ಮಾವುಂಗಲ್ 2" ಅಂತ ಇಡ್ತೀನಿ ಅಂದಿದ್ದ.

"ಎರಡನೆಯವನು ಅಂತ ಊರಿಗೆಲ್ಲ ಡಂಗುರ ಹೊಡೀತೀಯೇನೋ? ನಾಲಿಗೆ ಸೀಳಿಬಿಡ್ತೀನಿ!" ಅಂದನಂತೆ ಏಲಿಯಾಸ್.

"ಹಿರಿಯ ನಾನು. ಒಂದನೇ ನಂಬರು ನಂದೇ," ಅಂದನಂತೆ ಪೌಲೋಸ್.

ಇವರ ಸಹವಾಸವೇ ಬೇಡ ಅಂತ ಲಿಜೋ ಎರಡಕ್ಕೂ ಬರೀ "ಮಾವುಂಗಲ್" ಅಂತಿಟ್ಟ. ಪಾಸ್‌ವರ್ಡೂ ಒಂದೇ ಕೊಟ್ಟ. ಆಮೇಲೊಂದು ಮಳೆಗಾಲದಲ್ಲಿ ಪೌಲೋಸ್ ಕಾಣೆಯಾದ. ಹೆಂಡತಿ ಮಕ್ಕಳಿಲ್ಲದ ಜಗಳಗಂಟ. ಬೆಟ್ಟದ ಮೇಲೆ ಏಲಕ್ಕಿ ತೋಟಕ್ಕೆ ಹೋದ ಅಂತ ಏಲಿಯಾಸ್ ಹೇಳಿದ, ನಾವೂ ನಂಬಿದೆವು. ಬಾವಿಗೆ ಚಪ್ಪಡಿ ಬಿದ್ದಿದ್ದೂ ಆಗಲೇ. ಸೊಳ್ಳೆ ಕಾಟ ಅಂದಿದ್ದ.

"ಪೌಲೋಸ್ ಚೇಟನ ಪೆಟ್ಟಿಗೆಯ ಸಿಗ್ನಲ್ ಇರಬೇಕು ಇದು," ಅಂದ ಲಿಜೋ.

"ಆ ಮನೆಗೆ ಕರೆಂಟೇ ಇಲ್ವಲ್ಲ ಚೇಟಾ."

ಲಿಜೋ ಲ್ಯಾಪ್‌ಟಾಪನ್ನು ಅಂಗೈ ಮೇಲಿಟ್ಟುಕೊಂಡು ಹೊರಗೆ ಬಂದ. ಪೌಲೋಸನ ಮನೆ ಕಡೆ ನಡೆದರೆ ಸಿಗ್ನಲ್ ಇಳಿಯಿತು. ತೋಟದ ಕಡೆ ಹೋದರೂ ಇಳಿಯಿತು. ಬಾವಿ ಕಡೆ ತಿರುಗಿದ... ಏರಿತು. ಚಪ್ಪಡಿ ಹತ್ತಿ ನಿಂತ... ಪೂರ್ತಿ.

ಆಗ ಲ್ಯಾಪ್‌ಟಾಪಿನೊಳಗಿಂದ ಸದ್ದು ಬಂತು.

ಗುಳುಕ್... ಗುಳುಕ್...

ನೀರಿನೊಳಗೆ ಯಾರೋ ಉಸಿರು ಬಿಟ್ಟ ಸದ್ದು. ಜಿನ್ಸಿ ಲಿಜೋನ ಅಂಗಿ ಹಿಡಿದುಕೊಂಡಳು.

"ಯಾರೋ ಅದು, ಬಾವಿ ಮೇಲೆ?"

ಏಲಿಯಾಸ್. ಕಳ್ಳಿನ ವಾಸನೆ ಮೊದಲು ಬಂತು, ಆಮೇಲೆ ಮನುಷ್ಯ. ಕೈಯಲ್ಲಿ ಮಚ್ಚು.

ಹೆದರಿಕೆಯಲ್ಲೂ ನಾಲಿಗೆ ಸುಮ್ಮನಿರಬೇಕಲ್ಲ, ನಮ್ಮ ಲಿಜೋದು!

"ಏನಿಲ್ಲ ಚೇಟಾ... ಪೌಲೋಸ್ ಚೇಟನ ವೈಫೈ ನಿಮ್ಮ ಬಾವಿಯೊಳಗಿಂದ ಬರ್ತಿದೆ."

ಏಲಿಯಾಸ್ ಮಚ್ಚು ಎತ್ತಿದ. ಬೀಸಿದ.

ಖಚಕ್!

ಲಿಜೋ ಅಡ್ಡ ಹಿಡಿದ ಲ್ಯಾಪ್‌ಟಾಪು ಎರಡು ಹೋಳಾಯಿತು. ಎರಡನೇ ಏಟಿಗೆ ಕೈ ಸೀಳಿತು, ಬಿಳಿ ಮೂಳೆ ಕಂಡಿತಂತೆ. ಲಿಜೋ ಚಪ್ಪಡಿಯಿಂದ ಕೆಳಗೆ ಉರುಳಿದ. ಏಲಿಯಾಸ್ ಜಿನ್ಸಿಯ ಜುಟ್ಟು ಹಿಡಿದು ಎಳೆದ. ಅವಳ ಮುಖವನ್ನು ಚಪ್ಪಡಿಗೆ ಗುದ್ದಿದ. ಮತ್ತೆ ಗುದ್ದಿದ. ತಲೆಯನ್ನು ಆ ತೂತಿಗೆ ತುರುಕಿದ.

"ಹೋಗು! ನೀನೂ ಅವನ ಹತ್ರಾನೇ ಹೋಗಿ ಸಾಯಿ!"

ರಾಟೆ ನಿಂತಿತು.

ತೂತಿನಿಂದ ಕಪ್ಪು ಕೇಬಲ್ಲೊಂದು ಮೇಲೆ ಬಂತು. ಒದ್ದೆಯಾಗಿತ್ತು. ಜಿನ್ಸಿಯ ಕೆನ್ನೆ ಸವರಿಕೊಂಡು ಹೋಯಿತು, ಅವಳನ್ನು ಹಿಡಿಯಲಿಲ್ಲ. ಏಲಿಯಾಸನ ಕುತ್ತಿಗೆಗೆ ಒಂದು ಸುತ್ತು... ಇನ್ನೊಂದು ಸುತ್ತು... ಮಚ್ಚು ಠಣ್ ಅಂತ ಬಿತ್ತು. ಜಿನ್ಸಿ ಉರುಳಿ ಈಚೆ ಬಂದಳು.

ಕೇಬಲ್ಲು ಎಳೆಯಿತು. ತಲೆ ಒಳಗೆ ಹೋಯಿತು. ಆದರೆ ಏಲಿಯಾಸ್ ಅಗಲ ಭುಜದ ಆಳು, ಆ ತೂತು ಕೊಡದಷ್ಟು ಮಾತ್ರ. ಅವನು ಎರಡೂ ಕೈ ಚಪ್ಪಡಿಗೆ ಊರಿ ಒದ್ದಾಡಿದ. ಉಗುರು ಸಿಮೆಂಟಿನ ಮೇಲೆ ಪರಪರ ಅಂತಿತ್ತು...

ಲಟಕ್. ಒಂದು ಭುಜ.

ಲಟಕ್. ಇನ್ನೊಂದು.

ಆಮೇಲೆ ಕಾಲುಗಳೂ ಹೋದವು. ನೀರಿಗೆ ಬಿದ್ದ ಸದ್ದು ಮಾತ್ರ ಬರಲೇ ಇಲ್ಲ ಅಂತಾನೆ ಲಿಜೋ.

ಬೆಳಗ್ಗೆ ಪೊಲೀಸರು ಚಪ್ಪಡಿ ಎತ್ತಿಸಿದಾಗ ನಾನೂ ಇದ್ದೆ. ಎರಡು ಹೆಣ. ಒಂದು ಬರೀ ಮೂಳೆ, ಬುರುಡೆಯಲ್ಲಿ ಮಚ್ಚಿನ ಸೀಳು. ಅದನ್ನು ಕಪ್ಪು ಕೇಬಲ್ಲಿನಿಂದ ಬಿಗಿದು ಕಟ್ಟಿದ್ದರು. ಕೇಬಲ್ಲಿನ ತುದಿಗೆ ಪೌಲೋಸನ ಮನೆಯ ವೈಫೈ ಪೆಟ್ಟಿಗೆ, ಒಳಗೆಲ್ಲ ಕೆಸರು. ಇನ್ನೊಂದು ಏಲಿಯಾಸ್. ಆ ಮೂಳೆಯ ಕೈಗಳು ಅವನನ್ನು ತಬ್ಬಿ ಬೆನ್ನ ಹಿಂದೆ ಕೂಡಿಕೊಂಡಿದ್ದವು. ಪೊಲೀಸರು ಬಿಡಿಸಲು ನೋಡಿದರು, ಆಗಲಿಲ್ಲ. ಇಬ್ಬರನ್ನೂ ಒಟ್ಟಿಗೇ ಎತ್ತಬೇಕಾಯಿತು.

ಜಿನ್ಸಿ ಮುಖದ ಗಾಯ ಒಣಗಿದ ಮೇಲೆ ಕಾನ್ವೆಂಟಿನ ಸಿಸ್ಟರ್‌ಗಳ ಕಂಪ್ಯೂಟರಿನಲ್ಲಿ ಇಂಟರ್‌ವ್ಯೂ ಕೊಟ್ಟಳು. ಈಗ ಜರ್ಮನಿಯಲ್ಲಿದ್ದಾಳೆ. ಸುಖವಾಗಿದ್ದಾಳೆ, ದೇವರು ದೊಡ್ಡವನು. ಎರಡೂ ಮನೆಗೆ ಬೀಗ. ಕರೆಂಟು ತೆಗೆಸಿದ್ದಾರೆ. ಬಾವಿಯನ್ನು ಮಣ್ಣು ಹಾಕಿ ಮುಚ್ಚಿಸಿದ್ದಾರೆ.

ಮೊನ್ನೆ ಆ ದಾರಿಯಲ್ಲಿ ಬರುವಾಗ ನನ್ನ ಫೋನು ತೆಗೆದು ನೋಡಿದೆ. ನನ್ನದೇ ಫೋನು, ನನ್ನದೇ ಕಣ್ಣು, ಕುಡಿದಿರಲಿಲ್ಲ. ವೈಫೈ ಪಟ್ಟಿಯಲ್ಲಿ ಆ ಹೆಸರು ಇನ್ನೂ ಬರುತ್ತೆ. ಆದರೆ ಈಗ ಎರಡು. ಯಾರು ಇಟ್ಟರೋ ಗೊತ್ತಿಲ್ಲ, ಲಿಜೋ ಅಂತೂ ಅಲ್ಲ.

ಮೇಲೆ "ಮಾವುಂಗಲ್ 1". ಅದರ ಕೆಳಗೆ "ಮಾವುಂಗಲ್ 2".