ಕೊಸರು ಹಾಕುವ ಕೈ

“ಒಂದೇ ಭಟ್ಟಿ ಮಂಡಕ್ಕಿ. ಒಬ್ಬರ ಹತ್ರ ಚೆನ್ನಾಗೈತೆ, ಇನ್ನೊಬ್ಬರ ಹತ್ರ ಚೆನ್ನಾಗಿಲ್ಲ ಅಂದ್ರೆ ಹೆಂಗೆ?”

ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಅನ್ನಪೂರ್ಣ ಎಂಬ ಹೆಂಗಸು ಇನ್ನೂ ಅರ್ಧ ತುಂಬಿದ್ದ ತನ್ನ ಮಂಡಕ್ಕಿ ಚೀಲಕ್ಕೆ ಒರಗಿಕೊಂಡು, ಯಾರನ್ನೂ ನೋಡದೆ ಕೇಳಿದಳು. ಪಕ್ಕದಲ್ಲಿ, ಅವಳಂತೆಯೇ ಮಂಡಕ್ಕಿ ಮಾರುವ ಹಜೀರಾ ಖಾಲಿ ಚೀಲ ಮಡಚುತ್ತಿದ್ದಳು. ಇಬ್ಬರೂ ಸಂತೆ ಮುಗಿಸಿ ಹೊನ್ನಾಳಿ ಬಸ್ಸಿಗೆ ಕಾದಿದ್ದರು. ಅದೇ ಬಸ್ಸಿಗೆಂದು ಹತ್ತಿರವೇ ಕೂತು ಮನಸ್ಸಿನಲ್ಲೇ ವಚನ ಹೇಳಿಕೊಳ್ಳುತ್ತಿದ್ದ ನಾನು ಅವರ ಮಾತು ಕೇಳಲು ಅರ್ಧಕ್ಕೇ ನಿಲ್ಲಿಸಿದೆ.

“ನನ್ನ ಕೇಳಿದ್ಯೇನೇ?” ಎಂದಳು ಹಜೀರಾ.

“ಗಾಳೀನ ಕೇಳಿದೆ, ಹಜೀರಕ್ಕ. ನಾನು ಜರಡಿ ಹಿಡಿದು ಮಾರ್ತೀನಿ. ಅಳೆದ ಮೇಲೆ ಎರಡು ಬೊಗಸೆ ಕೊಸರು ಹಾಕ್ತೀನಿ. ನೀನು?”

“ನಾನು ಹಾಕಲ್ಲ. ಕೊಸರು ನೀವೇ ತಗಳ್ರಿ ಅಂತೀನಿ.”

“ಚೀಲಾನೇ ಬಳ್ಕೊಂಡು ಹೋಗಲ್ವಾ?”

“ಅವರ ಕೈಗೂ ನಾಚಿಕೆ ಇರ್ತೈತೆ ಕಣೇ. ಒಂದು ಹಿಡಿ ತಗಂಡು, ಅದರಾಗೂ ಸ್ವಲ್ಪ ವಾಪಸ್ ಉದುರಿಸ್ತಾರೆ.”

“ಅಂದ್ರೆ ಜಾಸ್ತಿ ಕೊಡಾಕೆ ನಾನು, ಒಳ್ಳೇಳು ಅನ್ನಿಸ್ಕಳಾಕೆ ನೀನು.”

“ಹಾಕುವಾಗ ನೀನು ಅವರ ಮುಖಾನೇ ನೋಡ್ತೀಯ.”

“ನೋಡ್ತೀನಿ. ಇಷ್ಟು ಕೊಟ್ಟೆ ಅನ್ನೋದು ಅವರಿಗೆ ಗೊತ್ತಾಗಬೇಡ್ವಾ?”

“ಗೊತ್ತಾಗ್ತೈತೆ. ಅದಕ್ಕೇ ನನ್ನ ಕಡೆ ಬರ್ತಾರೆ.”

ಬಸ್ಸು ಬಂತು. ಅನ್ನಪೂರ್ಣ ಏಳಲಿಲ್ಲ.

“ಅಕ್ಕ, ಬರೋ ಸಂತೇಲಿ ಒಂದಿನ ನೀನೂ ನನ್ನಂಗೇ ಕೈಯಾರೆ ಹಾಕು. ಆಗ ಜನ ಯಾರ ಹತ್ರ ಬರ್ತಾರೆ ನೋಡಾಣ.”

ಹಜೀರಾ ಅವಳ ಚೀಲವನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡು ಬಸ್ಸಿನ ಬಾಗಿಲಿಗೆ ನಡೆದಳು.

“ನಿನ್ನ ಚೀಲ ಬೇಕಾದ್ರೆ ಹೊರ್ತೀನಿ. ಕೈಯಾರೆ ಕೊಸರು ಹಾಕೋದು ಮಾತ್ರ ಆಗಲ್ಲ.”