ಪಕ್ಕದ ಮನೆಯ ಹೆಸರು

ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆ ಕಾದು ಕೂತಿದ್ದ ನಾಗರತ್ನಳ ಮುಂದಿನ ಬೆಂಚಿಗೇ ಪಕ್ಕದ ಮನೆಯ ಪುಟ್ಟಮಾದಮ್ಮ ತನ್ನ ತಂಗಿಯೊಡನೆ ಬಂದು ಕೂತಳು. ಹಿಂದೆ ಯಾರಿದ್ದಾರೆಂದು ಇಬ್ಬರೂ ನೋಡಲಿಲ್ಲ. ಮಾತಾಡಿಸಲು ಬಾಯಿ ತೆರೆದ ನಾಗರತ್ನ, ತಂಗಿಯ ಮಾತು ಕಿವಿಗೆ ಬಿದ್ದು ಸುಮ್ಮನಾದಳು.

"ಚೈತ್ರಂಗೆ ಪಿಟ್ಸು ಎಷ್ಟೊತ್ತು ಇರ್ತದೆ ಅಂತ ಡಾಕ್ಟ್ರು ಕೇಳುದ್ರೆ ಯಾಕಕ್ಕ ಸುಮ್ಕೆ ಕೂತಿದ್ದೆ?"

"ಗೊತ್ತಿದ್ರೆ ತಾನೆ? ಮಗ್ಳು ಬಿದ್ದೇಟ್ಗೆ ನಾನು ಬಾಗ್ಲು ಕಿಟ್ಕಿ ಮುಚ್ಚಕ್ಕೆ ಓಡ್ತೀನಿ."

"ಇನ್ನೆಷ್ಟು ದಿನ ಮುಚ್ತೀಯ? ನಿಂಗೂ ಅರವತ್ತಾಯ್ತು. ನಾಳೆ ನೀನೇ ಬಿದ್ರೆ ಬಾಗ್ಲು ತೆಗ್ಯೋರ್ಯಾರು? ಅಕ್ಕಪಕ್ಕದೋರ ಹೆಸ್ರು, ಫೋನ್ ನಂಬರು ಈ ಚೀಟೀಲಿ ಬರ್ಸಿ ಅಂದವ್ರೆ."

"ಬ್ಯಾಡ ಬುಡು. ಅನ್ನೆರಡು ವರ್ಸದಿಂದ ಯಾರ್ಗೂ ಗೊತ್ತಾಗ್ದಂಗೆ ಇಟ್ಟಿವ್ನಿ."

"ಪಕ್ಕದ ಮನೆ ನಾಗರತ್ನಂಗೂವೆ?"

"ಊಂ ಕಣೆ. ನಮ್ಮ ಪುಣ್ಯ, ಇವ್ಳು ಬಿದ್ದಾಗ್ಲೆಲ್ಲ ಅವ್ರ ಮನೇಲಿ ಟಿವಿ ಜೋರಾಗಿರ್ತದೆ."

ಮಾತ್ರೆ ಕೊಡುವ ಕಿಟಕಿಯಿಂದ ಚೈತ್ರಳ ಹೆಸರು ಕೂಗಿದರು. ಅಕ್ಕತಂಗಿಯರು ಎದ್ದುಹೋದರು.

ಗೋಡೆಯಾಚೆ ಆ ಹುಡುಗಿ ಧೊಪ್ಪನೆ ಬಿದ್ದ ಸದ್ದು ಕೇಳಿದಾಗಲೆಲ್ಲ, ಅವರ ಮರ್ಯಾದೆ ಅವರಿಗಿರಲಿ ಎಂದು ರಿಮೋಟಿಗೆ ಕೈಹಾಕುತ್ತಿದ್ದ ನಾಗರತ್ನ, ಅವರು ವಾಪಸು ಬರುವಾಗ ತನ್ನ ಗುರುತು ಸಿಗದಂತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಮುಖ ತಿರುಗಿಸಿದಳು.