ಬರ್ತೀನಿ ಅಂದವಳು

ಬಾವಿಮನೆಗೆ ಹೋಗುವ ಏರಿನಲ್ಲಿ ರಾತ್ರಿ ಹೊತ್ತು ಮಾತಾಡಬಾರದು ಅಂತೇನೂ ಇಲ್ಲ. ಮಾತಾಡಲು ಉಸಿರು ಉಳಿದಿರುವುದಿಲ್ಲ, ಅಷ್ಟೇ. ಅವತ್ತು ನಾನು ಮುಂದೆ, ನನ್ನ ಚಿಕ್ಕಮ್ಮನ ಮಗಳು ಹಿಂದೆ. ಅವಳ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು... ಝಲ್... ಝಲ್... ಆ ಸದ್ದು ಬಿಟ್ಟರೆ ಬೆಟ್ಟಕ್ಕೆ ಬೆಟ್ಟವೇ ಸತ್ತಂತಿತ್ತು. ಎಡಕ್ಕೂ ಮನೆ, ಬಲಕ್ಕೂ ಮನೆ. ಒಂದರಲ್ಲೂ ದೀಪವಿಲ್ಲ.

ದೆವ್ವದ ಕಾಟ ಅಂದುಕೊಳ್ಳಬೇಡಿ, ದೆವ್ವ ಇನ್ನೂ ಬಂದಿಲ್ಲ. ಇದು ಕೊಂಡವರ ಕಾಟ. ಕೆಳಗಿನ ಪಟ್ಟಣದಿಂದ ಬರುತ್ತಾರೆ, ಕಿಟಕಿ ತೆಗೆದು "ಆಹಾ" ಅನ್ನುತ್ತಾರೆ, ಮನೆ ಕೊಂಡು ಬೀಗ ಜಡಿದು ಹೋಗುತ್ತಾರೆ. ವರ್ಷಕ್ಕೊಮ್ಮೆ ಬಂದು ಇನ್ನೊಂದು ಸಲ "ಆಹಾ". ಉಳಿದ ದಿನ ಆ ಮನೆಗಳಲ್ಲಿ ಇಲಿ ಕೂಡ ನಿಲ್ಲುವುದಿಲ್ಲ, ನಿಂತು ತಿನ್ನುವುದೇನನ್ನು? ಇಲ್ಲೇ ಹುಟ್ಟಿದವರು ಬಾಡಿಗೆಗೆ ಒಂದು ಗೂಡು ಸಿಗದೆ ಬೆಟ್ಟ ಇಳಿದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಶಾಲೆಯನ್ನೂ ಒಬ್ಬ ಕೊಂಡ. ಅಲ್ಲಿನ ಕಿಟಕಿಗೂ "ಆಹಾ".

ಇದನ್ನೆಲ್ಲ ಮಾರಿಸುವ ದಲ್ಲಾಳಿ ಹೊರಗಿನವನಲ್ಲ, ನಮ್ಮ ಜೊತೆ ಗೋಲಿ ಆಡಿದವನು. ನೋಟ ತೋರಿಸಿ ನೋಟು ಪಡೆಯುವವನು ಅಂತ ಅವನಿಗೆ ನೋಟಣ್ಣ ಎಂದು ಹೆಸರಿಟ್ಟವನು ನಾನೇ. ಈ ಒಂದು ಮಾತಿಗೆ ಸಾಕ್ಷಿ ಬೇಕಾದಷ್ಟಿದೆ.

ಚಿಕ್ಕಮ್ಮನ ಮಗಳದು ಖಾಲಿ ಮನೆಗಳನ್ನು ನೋಡಿಕೊಳ್ಳುವ ಕೆಲಸ. ಕಿಟಕಿ ತೆಗೆದು ಗಾಳಿಯಾಡಿಸಬೇಕು. ಹಿಮ ಬೀಳುವ ಮುಂಚೆ ಪೈಪು ಒಡೆಯದಂತೆ ನೀರೆಲ್ಲ ಬಸಿದು ಬಿಡಬೇಕು. ಅರ್ಧ ಊರಿನ ಬೀಗದ ಕೈ ಅವಳ ಸೊಂಟದಲ್ಲಿ. ಅವಳ ವಾಸ ಮಾತ್ರ ಬಾವಿಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ. ಅದೂ ಬಾಡಿಗೆಗೆ. ಅದೇ ಬಾವಿಮನೆಯಲ್ಲಿ ಹುಟ್ಟಿದವಳು ಅವಳು! ಅಪ್ಪ ಸತ್ತ ಮೇಲೆ ದೊಡ್ಡಪ್ಪ ಮನೆಯನ್ನು ಮಾರಿಬಿಟ್ಟ. ನೋಟಣ್ಣನೇ ನಿಂತು ಮಾರಿಸಿದ.

ಚಿಕ್ಕಮ್ಮ ಆ ಮನೆ ಬಿಟ್ಟ ದಿನ ನಾನೂ ಇದ್ದೆ. ಅವಳು ಅಳಲಿಲ್ಲ. ಒಳಂಗಳದ ಬಾವಿಯ ರಾಟೆಗೆ ಎಣ್ಣೆ ಬಿಟ್ಟಳು. ಕಿರುಗುಟ್ಟುವ ರಾಟೆ ಕಂಡರೆ ಅವಳಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಆಮೇಲೆ ಹೊಸ್ತಿಲು ದಾಟಿ, ಹಿಂದೆ ತಿರುಗಿ, ಮನೆಗೇ ಹೇಳಿದಳು.

"ಬರ್ತೀನಿ."

ನೋಟಣ್ಣ ಹಲ್ಲು ಕಿರಿದ. "ಹೋಗ್ತೀನಿ ಅನ್ನಿ ಚಿಕ್ಕಮ್ಮ. ಮನೆ ಮಾರಿ ಆಯ್ತಲ್ಲ."

ಹೊರಡುವಾಗ ಹೋಗ್ತೀನಿ ಅನ್ನುವ ಬಾಯಿ ನಮ್ಮಲ್ಲಿ ಯಾರಿಗಿದೆ ಹೇಳಿ. ಮುಖ ಮುರಿದುಕೊಂಡು ಹೊರಟವರೂ ಬರ್ತೀನಿ ಅಂತಲೇ ಹೋಗುತ್ತಾರೆ. ಚಿಕ್ಕಮ್ಮ ಅವನ ಮುಖವನ್ನೇ ನೋಡಿದಳು. ಮಗುವಿಗೆ ಅಕ್ಷರ ಕಲಿಸುವ ಹಾಗೆ ಬಿಡಿಸಿ ಹೇಳಿದಳು. "ಬ... ರ್ತೀ... ನಿ." ಮುಂದಿನ ಚಳಿಗಾಲ ಕೊಟ್ಟಿಗೆಯಲ್ಲೇ ತೀರಿಕೊಂಡಳು.

ಕೊಂಡವನು ಒಳಂಗಳಕ್ಕೆ ಸೂರು ಹಾಕಿಸಿ ಅದನ್ನೇ ಹಾಲ್ ಮಾಡಿಕೊಂಡ. ಬಾವಿಯ ಬಾಯಿಗೆ ದಪ್ಪ ಗಾಜು, ಒಳಗೊಂದು ನೀಲಿ ದೀಪ, ಮೇಲೆ ಟೀ ಮೇಜು. ರಾಟೆಯನ್ನು ಕಿತ್ತು ಅಲಂಕಾರಕ್ಕೆ ಗೋಡೆಗೆ ಹೊಡೆಸಿದ. ಈಗ ಅವನಿಗೂ "ಆಹಾ" ಸಾಕಾಗಿ ಮಾರಲು ಹೊರಟಿದ್ದ. ಹೊಸ ಗಿರಾಕಿಗಳು ಗಂಡ ಹೆಂಡತಿ. ಅವರಿಗೆ ಕಣಿವೆಯ ದೀಪಗಳನ್ನು ರಾತ್ರಿಯೇ ನೋಡಬೇಕಂತೆ. ಮನಸ್ಸಿಗೆ ಬಂದರೆ ಕೊಟ್ಟಿಗೆ ಒಡೆಸಿ ಕಾರು ನಿಲ್ಲಿಸುತ್ತಾರಂತೆ. ಈ ಸುದ್ದಿಯನ್ನು ಕೊಟ್ಟಿಗೆಯಲ್ಲಿರುವ ಹುಡುಗಿಗೇ ಹೇಳಿ, ಮನೆ ಗುಡಿಸಿ ಬೆಚ್ಚಗೆ ಮಾಡಿಡು ಅಂತ ಅವಳಿಗೇ ಕೆಲಸ ವಹಿಸಿದ ಪುಣ್ಯಾತ್ಮ ನಮ್ಮ ನೋಟಣ್ಣ. ಕೊಟ್ಟಿಗೆ ಹೋದರೆ ಅವಳಿಗೆ ಬೆಟ್ಟದ ಮೇಲೆ ಬೇರೆ ಸೂರಿಲ್ಲ.

ನಾನು ಜೊತೆಗೆ ಹೊರಟದ್ದು ಯಾಕೆ ಅಂದರೆ... ನನ್ನ ಜೇಬಿನಲ್ಲಿ ಹೊಸ ಗಾಳದ ದಾರವಿತ್ತು. ಕಣ್ಣಿಗೆ ಕಾಣುವುದಿಲ್ಲ, ಎಳೆದರೆ ಹರಿಯುವುದಿಲ್ಲ. ತುಕ್ಕು ಹಿಡಿದ ಆ ರಾಟೆಗೆ ಕಟ್ಟಿ ಕಿಟಕಿಯಾಚೆ ನಿಂತು ಎಳೆದು ಕಿರುಗುಟ್ಟಿಸಿದರೆ ಗಿರಾಕಿಗಳು ಚಪ್ಪಲಿ ಬಿಟ್ಟು ಓಡಬೇಕು. ಬಾಗಿಲ ಹತ್ತಿರ ಇದನ್ನು ಅವಳ ಕಿವಿಯಲ್ಲಿ ಹೇಳಿದೆ.

"ಬೇಡ ಅಣ್ಣ."

"ಅವರು ಕೊಂಡ್ಕೊಳ್ಳಲಿ ಅಂತೀಯಾ?"

"ಅಮ್ಮನ ರಾಟೆ ಮುಟ್ಟಬೇಡ ಅಂದೆ." ಅವಳ ದನಿ ಪಿಸುಮಾತೇ. ಗೊಂಚಲಿನಿಂದ ಒಂದು ಕೈ ಆರಿಸಿ ಬೀಗ ತೆಗೆದಳು.

ಬಂದರು. ಕಿಟಕಿ ತೆಗೆದರು. "ಆಹಾ" ಅಂದರು. ನೋಟಣ್ಣ ಬಾವಿಯ ಗಾಜಿನ ಮೇಲೆ ಕಾಲು ತಟ್ಟಿ, ಆನೆ ನಿಂತರೂ ಒಡೆಯಲ್ಲ ಅಂತ ಕುಣಿದು ತೋರಿಸಿದ. ಈ ನೀರು ಯಾರಾದರೂ ಬಳಸ್ತಾರಾ ಅಂತ ಹೆಂಡತಿ ಕೇಳಿದರು.

"ಇಲ್ಲ ಮೇಡಂ. ಇಲ್ಲಿ ಯಾರೂ ಇರಲ್ಲ." ಚಿಕ್ಕಮ್ಮನ ಮಗಳನ್ನು ಎದುರಿಗೇ ಇಟ್ಟುಕೊಂಡು ಹೇಳಿದ. "ಹಿಂದೆ ಒಂದು ಶೆಡ್ಡಿದೆ. ಅದನ್ನ ನಾನು ಖಾಲಿ ಮಾಡಿಸಿಕೊಡ್ತೀನಿ."

ಕೀಂ...

ಎಲ್ಲರೂ ಗೋಡೆ ನೋಡಿದೆವು. ರಾಟೆ ಅಲುಗುತ್ತಿರಲಿಲ್ಲ.

ಕೀಂ... ಕೀಂ... ಖಾಲಿ ಕೊಡ ಇಳಿಯುವ ಸದ್ದು, ಸಲೀಸಾಗಿ. ಆಮೇಲೆ ಗಾಜಿನ ಕೆಳಗೆ, ಆಳದಲ್ಲಿ... ಬುಳುಕ್. ಬುಳು ಬುಳು ಬುಳು. ಮತ್ತೆ ಕೀಂ... ಕೀಂ... ಈ ಸಲ ನಿಧಾನ. ಭಾರ. ತುಂಬಿದ ಕೊಡ.

ನೋಟಣ್ಣ ನನ್ನ ಕೊರಳಪಟ್ಟಿ ಹಿಡಿದ. ಇವನು ಊರಿಗೇ ಗೊತ್ತಿರೋ ಮಂಗ ಸಾರ್, ಇವನದೇ ಕೆಲಸ ಅಂತ ನನ್ನ ಜೇಬಿಗೆ ಕೈ ಹಾಕಿ ದಾರ ಎಳೆದ. ಉಂಡೆ ಹಾಗೇ ಇತ್ತು. ಅಂಗಡಿಯವನು ಸುತ್ತಿದ ಕಾಗದವನ್ನೂ ಬಿಚ್ಚಿರಲಿಲ್ಲ.

ಅವನ ಕೈ ಸಡಿಲವಾಯಿತು. ಗಾಳಿ ಸಾರ್, ಗಾಳಿ... ಅಂದ. ಗಿರಾಕಿಗಳು ಅಷ್ಟು ಹೊತ್ತಿಗೆ ಕಾರಿನಲ್ಲಿದ್ದರು. ಅವನೂ ಅವರ ಹಿಂದೆಯೇ ನುಗ್ಗಿದ. ಹೊಸ್ತಿಲು ದಾಟುವಾಗ, ಎಷ್ಟಾದರೂ ನಮ್ಮೂರ ನಾಲಿಗೆ ನೋಡಿ, ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಬರ್ತೀನಿ."

ಸದ್ದು ನಿಂತಿತು. ಆಮೇಲೆ ಗಾಜಿನ ಕೆಳಗಿನಿಂದ, ಕೈತುಂಬ ಕೆಲಸವಿರುವ ಹೆಂಗಸು ತಲೆ ಎತ್ತದೆ ಹೇಳುವ ಹಾಗೆ...

"ಹೂಂ... ಬಾ."

ಚಿಕ್ಕಮ್ಮನ ಮಗಳು ಕಿರುಚಲಿಲ್ಲ. ಟೀ ಮೇಜನ್ನು ಎತ್ತಿ ಪಕ್ಕಕ್ಕಿಟ್ಟಳು. ಗಾಜಿನ ಮೇಲಿದ್ದ ಅವನ ಬೂಟಿನ ಗುರುತನ್ನು ಸೆರಗಿನಿಂದ ಒರೆಸಿದಳು. ದೀಪ ಆರಿಸಿದಳು.

ಆ ಗಿರಾಕಿಗಳು ಮತ್ತೆ ಬೆಟ್ಟ ಹತ್ತಲಿಲ್ಲ. ಮನೆ ಇನ್ನೂ ಮಾರಾಟಕ್ಕಿದೆ, ಕೊಟ್ಟಿಗೆ ಇನ್ನೂ ನಿಂತಿದೆ, ಅವಳು ಇನ್ನೂ ಅಲ್ಲೇ ಇದ್ದಾಳೆ. ನೋಟಣ್ಣ ಈಗ ಎಲ್ಲಿಂದ ಎದ್ದರೂ "ಹೋಗ್ತೀನಿ" ಅಂತಾನೆ. ಬಾಣಂತಿಯನ್ನು ನೋಡಲು ಹೋದಾಗಲೂ ಹಾಗೇ ಅಂದ. ಆ ಮನೆಯ ಅಜ್ಜಿ ಅವನ ಏಳು ತಲೆಮಾರನ್ನೂ ಬೈದು ಹೊರಗೆ ಅಟ್ಟಿದಳು. ಬೇಕಾದರೆ ಅಜ್ಜಿಯನ್ನೇ ಕೇಳಿ.

ನನ್ನನ್ನು ನಂಬಬೇಡಿ, ಪರವಾಗಿಲ್ಲ. ಮಾರನೇ ದಿನ ಬೆಳಿಗ್ಗೆ ಕಿಟಕಿ ತೆಗೆಯಲು ಅವಳ ಜೊತೆ ನಾನೂ ಒಳಗೆ ಹೋದೆ. ತುಕ್ಕು ಹಿಡಿದಿದ್ದ ಆ ರಾಟೆಯನ್ನು ಬೆರಳಿಂದ ತಿರುಗಿಸಿ ನೋಡಿದೆ. ಸದ್ದಿಲ್ಲದೆ ತಿರುಗಿತು. ಬೆರಳು ಮೂಸಿದೆ.

ಎಣ್ಣೆ. ಆಗಷ್ಟೇ ಬಿಟ್ಟದ್ದು.

ನಾನು ಬಿಟ್ಟಿಲ್ಲ. ಅವಳೂ ಬಿಟ್ಟಿಲ್ಲ.